ಐದು ದೀಪದ ದೆವ್ವ

ಬುಧವಾರ, ಮಧ್ಯಾಹ್ನ
ಹಲ್ಲಿನ ಕ್ಲಿನಿಕ್ಕಿನ ಮೇಜಿನಿಂದ

ಗುಬ್ಬೀ,

ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ. ನಮ್ಮ ನರ್ಸಮ್ಮನ ಕೈಯಲ್ಲಿ ವಿಳಾಸ ಬರೆಸಿದೆ. ನನ್ನ ಅಕ್ಷರ ಕಂಡರೆ ನೀನು ಒಡೆಯದೆ ಪಕ್ಕಕ್ಕಿಡುತ್ತೀಯ ಎಂದು ಗೊತ್ತು. ಮನೆಗೆ ಕಳಿಸದೆ ನಿನ್ನ ಕನ್ನಡಕದ ಅಂಗಡಿಗೆ ಕಳಿಸಿದ್ದಕ್ಕೂ ಕಾರಣವಿದೆ. ಗಿರಾಕಿಗಳ ಎದುರು ಕಾಗದ ಹರಿಯುವ ಹುಡುಗಿ ನೀನಲ್ಲ. ಇಷ್ಟು ಓದಿದ್ದೀಯ, ಇನ್ನು ಪೂರ್ತಿ ಓದಿಬಿಡು. ನನ್ನ ನಂಬರಿನಿಂದ ಬರುವ ಫೋನು ನಿನ್ನನ್ನು ತಲುಪದಂತೆ ನೀನು ಮಾಡಿ ಎರಡು ವರ್ಷವಾಯಿತು. ಅದನ್ನು ನಾನು ಕೇಳುವುದಿಲ್ಲ. ನಾನು ಯಾಕೆ ಮನೆ ಬಿಟ್ಟು ಬಂದೆ ಎಂಬುದೂ ಈ ಪತ್ರದ ವಿಷಯವಲ್ಲ.

ಕೇಳಬೇಕಾದದ್ದು ಒಂದೇ. ಈ ಭಾನುವಾರ ನೀನು ಅಪ್ಪನಿಗೆ ಫೋನ್ ಮಾಡಬೇಡ. ಅದರ ಬದಲು ಬಾ. ಶನಿವಾರ ಅಂಗಡಿ ಮುಚ್ಚಿದ ಮೇಲೆ ಬಸ್ಸು ಹತ್ತಿದರೆ ಭಾನುವಾರ ಬೆಳಿಗ್ಗೆ ಅವರ ಬಾಗಿಲ ಮುಂದಿರುತ್ತೀಯ.

ಯಾಕೆ ಎಂದು ಹೇಳುತ್ತೇನೆ. ನಿಧಾನವಾಗಿ ಓದು.

ಫೋನಿನಲ್ಲಿರುವ ‘ದೀಪ ಆರಿಸಬೇಡಿ’ ಗುಂಪಿಗೆ ಅಪ್ಪನನ್ನು ಸೇರಿಸಿದ್ದು ನೀನು. ಒಳ್ಳೆಯದಕ್ಕೇ ಸೇರಿಸಿದೆ. ಲಿಫ್ಟ್ ಕಂಪನಿಯಿಂದ ನಿವೃತ್ತರಾದ ಮನುಷ್ಯ ಒಬ್ಬರೇ ಗೋಡೆ ನೋಡುತ್ತಾ ಕೂರುವುದಕ್ಕಿಂತ ನಾಲ್ಕು ಜನ ದೆವ್ವದ ಕಥೆ ಓದಿ ಹರಟುವುದನ್ನು ನೋಡಲಿ ಎಂದು ನೀನು ಅಂದುಕೊಂಡಿರಬೇಕು. ಆದರೆ ಆ ಗುಂಪಿನಲ್ಲಿ ನಾನು ಅವರಿಗಿಂತ ಮೊದಲೇ ಇದ್ದೆ. ಅನುವಾದವಾಗಿ ಬಂದ ಕಥೆಗಳ ಬಗ್ಗೆ ಉದ್ದುದ್ದ ಬರೆದು, ಮೂಲದಲ್ಲಿ ಈ ವಾಕ್ಯ ಇಷ್ಟು ಸಪ್ಪೆಯಾಗಿರಲಿಕ್ಕಿಲ್ಲ ಎಂದು ತಕರಾರು ತೆಗೆಯುವ ‘ಅಡಿಟಿಪ್ಪಣಿ’ ಎಂಬ ಒಬ್ಬಳಿದ್ದಾಳಲ್ಲ, ಅದು ನಾನು. ನೀನು ಒಮ್ಮೆ ಅವಳಿಗೆ, ಮೇಡಂ, ನಿಮ್ಮಿಂದ ನಮ್ಮ ದೆವ್ವಗಳೂ ವ್ಯಾಕರಣ ಕಲಿತವು ಎಂದು ಬರೆದಿದ್ದೆ. ಆ ದಿನ ನಾನು ಮೇಜಿನ ಹಿಂದೆ ಒಬ್ಬಳೇ ನಕ್ಕೆ. ಬಾಯಿ ತುಂಬ ಹತ್ತಿ ಇಟ್ಟುಕೊಂಡು ಕೂತಿದ್ದ ರೋಗಿಯೊಬ್ಬರು ತಮ್ಮನ್ನೇ ನೋಡಿ ನಗುತ್ತಿದ್ದೇನೆಂದು ಮುಖ ಸಿಂಡರಿಸಿದರು.

ಆ ಗುಂಪಿನ ರೂಢಿ ನಿನಗೆ ಗೊತ್ತು. ಕಥೆ ಓದಿ ಮುಗಿಸಿದ ಮೇಲೆ ಮನೆಯಲ್ಲಿ ಎಷ್ಟು ದೀಪ ಹಾಕಬೇಕಾಯಿತೋ ಅಷ್ಟು ದೀಪ ಕೊಡುವುದು. ಹೆದರಿಕೆಯೇ ಆಗದಿದ್ದರೆ ಕತ್ತಲೆ, ಜೀವ ಬಾಯಿಗೆ ಬಂದರೆ ಐದು ದೀಪ. ‘ಮೂರನೇ ಮಹಡಿ’ ಎಂಬ ಹೊಸಬರು ಮೊದಲ ಸಲ ಬರೆದಾಗ ಎಲ್ಲರೂ ಐದು ಕೊಟ್ಟರು. ನಾನೂ ಕೊಟ್ಟೆ. ಬರಹ ಹೀಗೆ ಶುರುವಾಗಿತ್ತು: ‘ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಏನೋ ನಡೆಯುತ್ತಿದೆ. ಮಗಳು ಈ ಗುಂಪಿಗೆ ಸೇರಿಸಿದಳು. ಇಂಥ ವಿಷಯ ತಿಳಿದವರು ಇಲ್ಲಿ ಇದ್ದಂತೆ ಕಾಣುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.’ ಒಂದು ವಿಶೇಷಣವಿಲ್ಲ, ಬಿರುಗಾಳಿಯಿಲ್ಲ, ನಾಯಿ ಊಳಿಡುವುದಿಲ್ಲ, ದೂರು ಬರೆದಂತಿದೆ, ಇದಲ್ಲವೇ ಕಲೆ ಎಂದು ನಾನೇ ಹೊಗಳಿದೆ. ಕಲೆಯಲ್ಲ, ಗುಬ್ಬಿ. ಅದು ದೂರೇ.

ಎರಡನೇ ಭಾಗದಲ್ಲಿ ಅಡುಗೆಮನೆಯ ಕಿಟಕಿ ಬಂತು. ಸ್ವಲ್ಪ ಮೇಲೆತ್ತಿ ಒಳಗೆ ತಳ್ಳಿದರೆ ಮಾತ್ರ ಚಿಲಕ ಕೂರುವ ಕಿಟಕಿ. ಅದು ಯಾರ ಮನೆಯದೆಂದು ಆಗ ತಿಳಿಯಿತು. ಸತ್ತ ಹೆಂಡತಿ ಯಾರೆಂದೂ ತಿಳಿಯಿತು.

ನೀನು ಆ ಕಥೆಯ ಕೆಳಗೆ, ಇವರು ನಮ್ಮಪ್ಪ! ಎಂದು ಹೆಮ್ಮೆಯಿಂದ ಬರೆದಿದ್ದೀಯ. ಕಥೆಯಲ್ಲಿ ನನ್ನನ್ನು ಸಾಯಿಸಿದ್ದು ನಿನಗೆ ಅಷ್ಟೇನೂ ತಪ್ಪೆನಿಸಿರಲಿಕ್ಕಿಲ್ಲ. ನನಗೂ ಮೊದಲು ಹಾಗೇ ಅನಿಸಿತು. ಬಿಟ್ಟು ಹೋದವಳನ್ನು ಇಷ್ಟು ಮರ್ಯಾದೆಯಿಂದ ಕೊಂದಿದ್ದಾರಲ್ಲ ಎಂದುಕೊಂಡೆ.

ಈಗ ನೀನೇ ಯೋಚಿಸು. ನಿಮ್ಮಪ್ಪ ಕಥೆ ಕಟ್ಟಬಲ್ಲರೇ? ನೀನು ಚಿಕ್ಕವಳಿದ್ದಾಗ ಮಲಗುವ ಮುಂಚೆ ಕಥೆ ಹೇಳಪ್ಪಾ ಎಂದು ಪೀಡಿಸುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡು, ‘ಒಂದು ದೊಡ್ಡ ಕಟ್ಟಡದಲ್ಲಿ ಒಂದು ಲಿಫ್ಟ್ ಇತ್ತು. ಅದು ಕೆಟ್ಟೋಯ್ತು. ನಾನು ಹೋಗಿ ರಿಪೇರಿ ಮಾಡ್ದೆ’ ಎನ್ನುತ್ತಿದ್ದರು. ನೀನು ‘ಆಮೇಲೆ?’ ಎಂದರೆ, ‘ಆಮೇಲೇನು, ಓಡ್ತು’ ಎನ್ನುತ್ತಿದ್ದರು. ಮದುವೆಮನೆಗೆ ಹೋಗಲು ಮನಸ್ಸಿಲ್ಲದಿದ್ದರೆ ತಲೆನೋವು ಎಂಬ ಒಂದು ಸುಳ್ಳು ಹೇಳಲೂ ಬಾರದೆ, ‘ಅವರಿಗೆ ನನಗೆ ಬರೋಕೆ ಇಷ್ಟ ಇಲ್ಲ ಅಂತ ಹೇಳು’ ಎಂದು ನನ್ನನ್ನು ಕಳಿಸಿದ ಮನುಷ್ಯ. ಅಂಥವರು ಅರವತ್ತು ದಾಟಿದ ಮೇಲೆ ಏಕಾಏಕಿ ದೆವ್ವ ಸೃಷ್ಟಿಸಿದರು ಎಂದು ನಾವಿಬ್ಬರೂ ನಂಬಿದೆವು.

ಆಮೇಲೆ ಆರನೇ ಭಾಗ ಬಂತು. ಹಾಲು ಉಕ್ಕಿ ಒಲೆ ಆರಿಹೋಗಿ, ಗ್ಯಾಸಿನ ವಾಸನೆ ತುಂಬಿ, ಇದು ಅವಳದೇ ಕೆಲಸ ಎಂದು ಅವರು ಹೆದರುವುದು. ಎರಡನೇ ಭಾಗದಲ್ಲೂ ಇದೇ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದು. ವಾಕ್ಯಗಳು ಅವೇ, ಮೊದಲ ಸಲ ಹೇಳುತ್ತಿರುವ ಉದ್ವೇಗವೂ ಅದೇ. ಗುಂಪಿನಲ್ಲಿ ‘ಬೆನ್ನ ಹಿಂದೆ’ ಎಂಬಾತ ಇದನ್ನು ಪಲ್ಲವಿಯಂತೆ ಮರಳಿ ಬರುವ ತಂತ್ರ ಎಂದು ಕರೆದ. ಪುನರಾವರ್ತನೆಯಿಂದ ಭಯ ಹೇಗೆ ಹುಟ್ಟುತ್ತದೆ ಎಂದು ಮೂರು ದಿನ ಚರ್ಚೆಯಾಯಿತು. ನಾನು ಅನುವಾದಗಳನ್ನು ಸಾಲುಸಾಲಾಗಿ ಹೋಲಿಸಿ ಓದುವವಳು. ಬೇಕೆಂದೇ ಮರಳಿ ಹೇಳುವವನು ಎಲ್ಲೋ ಒಂದು ಪದವನ್ನಾದರೂ ಬದಲಿಸುತ್ತಾನೆ. ತಾನು ಮೊದಲೇ ಹೇಳಿದ್ದೇನೆ ಎಂಬುದು ಗೊತ್ತಿಲ್ಲದವನು ಮಾತ್ರ ಏನನ್ನೂ ಬದಲಿಸುವುದಿಲ್ಲ.

ಅಂದೇ ಅವರಿಗೆ ಫೋನ್ ಮಾಡಿದೆ. ‘ರೀ, ನಾನು’ ಎಂದೆ. ಅವರು ಫೋನ್ ಇಟ್ಟುಬಿಟ್ಟರು. ಸಂಜೆಗೆ ಏಳನೇ ಭಾಗ ಬಂತು. ಸತ್ತವಳು ಫೋನ್ ಮಾಡಿದಳಂತೆ. ಇಡೀ ಗುಂಪೇ ಎದ್ದು ಕುಣಿಯಿತು. ‘ಒಂಟಿ ಚಪ್ಪಲಿ’ ಎಂಬಾಕೆ ತಾನು ಆ ದಿನ ಫೋನನ್ನು ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟೆ ಎಂದು ಬರೆದಳು.

ಫೋನಿನಿಂದ ಹೆದರಿದರೇನೋ, ಮುಖ ಕಂಡರೆ ಸರಿಹೋದೀತು ಎಂದು ಮಾರನೇ ವಾರ ರಜೆ ಹಾಕಿ ಹೋದೆ. ಬೆಳಗಿನ ಹೊತ್ತು, ಮೆಟ್ಟಿಲ ಮೇಲೆಲ್ಲ ಬಿಸಿಲು. ಕೈಯಲ್ಲಿ ಛತ್ರಿ, ಹೆಗಲಿಗೆ ಬ್ಯಾಗು. ಸರಪಳಿ ತೆಗೆಯದೆ ಬಾಗಿಲನ್ನು ಒಂದು ಗೇಣು ತೆರೆದರು. ನೀಟಾಗಿ ಕ್ಷೌರ ಮಾಡಿಕೊಂಡಿದ್ದರು. ಅಂಗಿಯ ಗುಂಡಿಗಳೂ ಸರಿಯಾಗಿದ್ದವು. ಅದನ್ನೇ ಹೇಳಬೇಕು ನಿನಗೆ, ನೋಡಿದರೆ ಏನೂ ತಿಳಿಯುವುದಿಲ್ಲ. ‘ರೀ, ನಾನೇ. ಬಾಗಿಲು ತೆಗೀರಿ’ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗುರುತು ಸಿಕ್ಕಿತು, ಗುಬ್ಬಿ. ಸಿಗದಿದ್ದರೆ ಎಷ್ಟೋ ವಾಸಿಯಿತ್ತು. ಗುರುತು ಸಿಕ್ಕಿದ್ದರಿಂದಲೇ ಅವರು ಒಂದು ಹೆಜ್ಜೆ ಹಿಂದೆ ಸರಿದರು. ‘ಬರಬೇಡ ಮಾರಾಯ್ತಿ. ನಂಗೆ ಭಯ ಆಗತ್ತೆ’ ಎಂದರು. ಬಾಗಿಲು ಹಾಕಲು ಹೋದವರು ಏನೋ ನೆನಪಾದಂತೆ ನಿಂತು, ‘ಅಲ್ಲಿ ಊಟ ಗೀಟ ಸರಿಯಾಗಿ ಕೊಡ್ತಾರಾ?’ ಎಂದು ಕೇಳಿದರು.

ನಾನು ಹೂಂ ಎಂದೆ.

ಅದೆಲ್ಲ ಎಂಟನೇ ಭಾಗದಲ್ಲಿದೆ. ನನ್ನ ಛತ್ರಿಯೂ ಇದೆ. ಹಗಲಲ್ಲಿ ಬ್ಯಾಗು ಹಾಕಿಕೊಂಡು ಬರುವ ದೆವ್ವ ಹೊಸತು ಎಂದು ಹೊಗಳಿದರು. ಊಟದ ಮಾತು ಮಾತ್ರ ಯಾರಿಗೂ ಹಿಡಿಸಲಿಲ್ಲ, ಭಯದ ಬಿಗಿ ಸಡಿಲಾಯಿತು, ಆ ಸಾಲು ತೆಗೆದುಹಾಕಿ ಎಂದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಕೇಳದೇ ಇದ್ದ ಪ್ರಶ್ನೆ ಅದು. ತೆಗೆಯಬೇಡಿ ಎಂದು ನಾನು ಒಬ್ಬಳೇ ವಾದಿಸಿದೆ.

ಬಾಗಿಲ ಸಂದಿನಲ್ಲಿ ಇನ್ನೊಂದು ಕಂಡಿತ್ತು. ಹಜಾರದ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದರು. ಮನೆಗೆ ಬಂದು ಹಿಂದಿನ ಭಾಗಗಳ ಕೆಳಗಿನ ಮಾತುಗಳನ್ನೆಲ್ಲ ಮತ್ತೆ ಓದಿದೆ. ‘ಹಲ್ಲಿ’ ಎಂಬೊಬ್ಬ ತಮಾಷೆಗೆ, ಕನ್ನಡಿಗಳನ್ನು ತಿರುಗಿಸಿಡಿ ಸಾರ್, ದಾರಿ ತಪ್ಪಿ ವಾಪಸ್ ಹೋಗ್ತಾಳೆ ಎಂದು ಬರೆದಿದ್ದ. ಕೆಳಗೆ ಅಪ್ಪ ‘ಧನ್ಯವಾದ. ಮಾಡಿದೆ’ ಎಂದು ಉತ್ತರಿಸಿದ್ದರು. ಎಲ್ಲರೂ ನಗುವ ಮುಖಗಳನ್ನು ಅಂಟಿಸಿದ್ದರು. ನಿನ್ನದೂ ಒಂದಿತ್ತು.

ಅವರು ಕೈಪಿಡಿಯಲ್ಲಿ ಇಲ್ಲದ ಒಂದು ಸ್ಕ್ರೂ ತಿರುಗಿಸಿದವರಲ್ಲ. ಇದ್ದದ್ದನ್ನು ಬಿಟ್ಟವರೂ ಅಲ್ಲ. ಈಗ ಆ ಗುಂಪೇ ಅವರ ಕೈಪಿಡಿ. ಈ ಜನಕ್ಕೆ ದೆವ್ವಗಳ ಬಗ್ಗೆ ಎಲ್ಲ ಗೊತ್ತು ಎಂದು ಅವರು ನಂಬಿದ್ದಾರೆ. ಜನ ಅವರನ್ನು ದೊಡ್ಡ ಲೇಖಕರೆಂದು ನಂಬಿದ್ದಾರೆ.

ಇನ್ನು ಸುಮ್ಮನಿರಬಾರದೆಂದು, ‘ಅಡಿಟಿಪ್ಪಣಿ’ಯ ಹೆಸರಿನಲ್ಲೇ ಗುಂಪಿನಲ್ಲಿ ಬರೆದೆ: ಇದು ಕಥೆಯಲ್ಲ, ನಾನು ಇವರ ಹೆಂಡತಿ, ಬದುಕಿದ್ದೇನೆ, ಇವರಿಗೆ ಮರೆವಿನ ಕಾಯಿಲೆ ಇರಬಹುದು, ದಯವಿಟ್ಟು ಸಲಹೆ ಕೊಡಬೇಡಿ. ನಾನು ಜನ್ಮದಲ್ಲಿ ಬರೆದ ಯಾವುದಕ್ಕೂ ಅಷ್ಟು ದೀಪ ಬಿದ್ದಿರಲಿಲ್ಲ. ಈಗ ದೆವ್ವವೇ ಗುಂಪಿಗೆ ಬಂತಲ್ಲಪ್ಪಾ ಎಂದು ಸಂಭ್ರಮ. ಗುಂಪು ನೋಡಿಕೊಳ್ಳುವ ‘ಕಂದೀಲು’ಗೆ ಬೇರೆಯಾಗಿ ಬರೆದೆ. ಅವರು ವಿನಯದಿಂದ, ನೀವಿಬ್ಬರೂ ಸೇರಿ ಬರೀತಿರೋದು ಮೊದಲೇ ಹೇಳಬಾರದಿತ್ತಾ ಮೇಡಂ, ಮಗಳೂ ಇದ್ದಾರೆ, ಇಡೀ ಕುಟುಂಬವೇ ಕಲಾವಿದರು ಎಂದರು. ನೀನು ಮಾತ್ರ ನಗಲಿಲ್ಲ. ‘ದಯವಿಟ್ಟು ಅಪ್ಪನ ಕಥೆ ಹಾಳು ಮಾಡಬೇಡಿ’ ಎಂದು ಬರೆದೆ. ಅದು ಅಮ್ಮನೆಂದು ತಿಳಿದು ಬರೆದೆಯೋ, ತಿಳಿಯದೆಯೋ, ನನಗೆ ಗೊತ್ತಾಗಲಿಲ್ಲ.

ಅವರ ಮನೆಯ ಕೆಳಗಿನ ದರ್ಜಿಗೆ ಹೇಳಿದೆ. ‘ಅಯ್ಯೋ, ಚೆನ್ನಾಗೇ ಇದಾರಮ್ಮ. ದಿನಾ ನಮಸ್ಕಾರ ಹೇಳ್ತಾರೆ, ನನ್ನ ಮಿಷನ್ನಿಗೆ ಎಣ್ಣೆ ಬಿಟ್ಟು ಕೊಡ್ತಾರೆ. ಗಂಡ ಹೆಂಡ್ತಿ ಮಧ್ಯೆ ನನ್ನನ್ಯಾಕೆ ಎಳೀತೀರಾ?’ ಎಂದ. ಪೊಲೀಸ್ ಠಾಣೆಗೆ ಹೋದೆ. ಮೇಜಿನ ಹಿಂದಿದ್ದವರು ನನ್ನ ಫೋನ್ ತೆಗೆದುಕೊಂಡು ಮೊದಲಿಂದ ಓದಲು ಕೂತರು. ನಡುವೆ ಬಂದವರನ್ನು ‘ಸ್ವಲ್ಪ ಇರಿ ಇರಿ’ ಎಂದು ಕೂರಿಸಿದರು. ಓದಿ ಮುಗಿಸಿ, ಕತ್ತಿನ ಹಿಂಭಾಗ ಉಜ್ಜಿಕೊಂಡು, ‘ಮುಂದಿನ ಭಾಗ ಯಾವಾಗ ಬರತ್ತಮ್ಮ?’ ಎಂದು ಕೇಳಿದರು. ನಮ್ಮ ದಂತವೈದ್ಯರೊಬ್ಬರು ಮಾತ್ರ ನಗದೆ ಕೇಳಿಸಿಕೊಂಡರು. ಮರೆವಿನ ಕಾಯಿಲೆ ನೋಡುವ ಡಾಕ್ಟರೊಬ್ಬರ ಪರಿಚಯ ತಮಗಿದೆ, ‘ಕರ್ಕೊಂಡು ಬನ್ನಿ, ಅವತ್ತೇ ತೋರಿಸೋಣ’ ಎಂದರು. ಕರೆದುಕೊಂಡು ಬರುವುದು ಯಾರು? ನಾನು ಕರೆದರೆ ಅದು ಮುಂದಿನ ಭಾಗವಾಗುತ್ತದೆ. ನಾನು ಏನು ಮಾಡಿದರೂ ಅದು ಕಥೆಗೆ ಸೇರುತ್ತದೆ, ಅವರ ಭಯ ಇನ್ನೊಂದು ಮೆಟ್ಟಿಲು ಏರುತ್ತದೆ.

ಈಗ ಭಾನುವಾರದ ವಿಷಯ. ಹೋದ ಸಲ ಅಪ್ಪ, ಅವಳು ಬಾಗಿಲವರೆಗೆ ಬಂದಾಯಿತು, ಇನ್ನೇನು ಮಾಡಬೇಕು, ತಿಳಿದವರು ಹೇಳಿ ಎಂದು ಕೇಳಿದ್ದರು. ಗುಂಪು ಮತ ಹಾಕಿತು. ಗೆದ್ದದ್ದು ‘ಒಂಟಿ ಚಪ್ಪಲಿ’ಯ ಸಲಹೆ. ಸತ್ತವರು ಬಿಟ್ಟು ಹೋದ ವಸ್ತುವಿಗಾಗಿ ಬರುತ್ತಾರಂತೆ, ಅದನ್ನು ಸುಡಬೇಕಂತೆ, ಸುಡುವಾಗ ಹೊಗೆಯ ಜೊತೆ ಅವಳು ಹೊರಗೆ ಹೋಗಿ ಮತ್ತೆ ಒಳಗೆ ಬಾರದ ಹಾಗೆ ಕಿಟಕಿ ಬಾಗಿಲು ಮುಚ್ಚಿರಬೇಕಂತೆ. ತರ್ಕವೇ ಇಲ್ಲ. ಹೊರಗೆ ಹೋಗಲು ತಾನೇ ತೆರೆದಿಡಬೇಕು? ಆದರೂ ಎಲ್ಲರಿಗೂ ಇಷ್ಟವಾಯಿತು. ನಾನು ಅಲ್ಲಿ ಬಿಟ್ಟು ಬಂದದ್ದು ಒಂದೇ, ನನ್ನ ಪುಸ್ತಕದ ಕಪಾಟು. ನಿನ್ನೆ ಅಪ್ಪ ಬರೆದಿದ್ದಾರೆ: ‘ಪುಸ್ತಕಗಳನ್ನು ಮಲಗುವ ಕೋಣೆಯಲ್ಲಿ ಜೋಡಿಸಿದ್ದೇನೆ. ಯಂತ್ರದ ಭಾಗ ತೊಳೆಯಲು ಇಟ್ಟಿದ್ದ ಸೀಮೆಎಣ್ಣೆ ಇದೆ. ಕಿಟಕಿಯ ಸಂದುಗಳಿಗೆ ಟೇಪು ಹಚ್ಚಿದೆ. ಭಾನುವಾರ ಮಧ್ಯಾಹ್ನದ ಫೋನು ಬರುತ್ತದೆ. ಅದು ಮುಗಿದ ಮೇಲೆ ಶುರು ಮಾಡುತ್ತೇನೆ.’

ಇದನ್ನೂ ಠಾಣೆಗೆ ಹೋಗಿ ತೋರಿಸಿ ಬಂದೆ. ಭಾನುವಾರ ಆ ಕಡೆ ಯಾರನ್ನಾದರೂ ಕಳಿಸಿ ನೋಡುತ್ತೇವೆ ಎಂದರು. ಮುಖದಲ್ಲಿ ನಗು ಇತ್ತು.

ಆದ್ದರಿಂದ ಫೋನ್ ಮಾಡಬೇಡ ಎಂದು ಬೇಡುತ್ತಿದ್ದೇನೆ. ನೀನು ಪ್ರತಿ ಭಾನುವಾರ ಮಾತಾಡುತ್ತೀಯ. ಅಪ್ಪ ಚೆನ್ನಾಗಿದ್ದಾರೆ, ಸರಿಯಾಗಿ ಮಾತಾಡುತ್ತಾರೆ, ಅಮ್ಮನಿಗೇ ತಲೆ ಕೆಟ್ಟಿದೆ ಎಂದು ನಿನಗೆ ಅನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ನೀನು ‘ಊಟ ಆಯ್ತಾ’ ಎಂದರೆ ‘ಆಯ್ತು’ ಎನ್ನುತ್ತಾರೆ. ‘ಮಾತ್ರೆ ತಗೊಂಡ್ರಾ’ ಎಂದರೆ ‘ತಗೊಂಡೆ’ ಎನ್ನುತ್ತಾರೆ. ಅಷ್ಟಕ್ಕೆ ಬೇಕಾದ ಮರ್ಯಾದೆ ಅವರಲ್ಲಿ ಇನ್ನೂ ಉಳಿದಿದೆ. ಒಂದರ ನಂತರ ಇನ್ನೊಂದು ಎಂಬ ಕ್ರಮವೂ ಉಳಿದಿದೆ. ಫೋನು ಬಂದು ಮುಗಿಯದೆ ಅವರು ಬೆಂಕಿಕಡ್ಡಿ ಗೀರುವುದಿಲ್ಲ. ಅದೊಂದನ್ನೇ ನಾನು ನಂಬಿಕೊಂಡಿದ್ದೇನೆ. ಅವರು ಫೋನಿನ ಪಕ್ಕ ಕಾಯುತ್ತಾ ಕೂತಿರುವಾಗ ನೀನು ಬಾಗಿಲು ಬಡಿಯಬೇಕು. ಮೊದಲು ಸೀಮೆಎಣ್ಣೆ ತೆಗೆ, ಆಮೇಲೆ ಕಿಟಕಿ ತೆರೆ. ಪುಸ್ತಕದ ವಿಷಯ ಬಿಡು. ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಅವರ ಚೀಟಿ ಈ ಪತ್ರದ ಜೊತೆಗಿದೆ.

ಶನಿವಾರ ರಾತ್ರಿಯಿಂದಲೇ ನಾನು ಅವರ ಮನೆಯ ಕೆಳಗೆ, ಮುಚ್ಚಿದ ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ಇರುತ್ತೇನೆ. ನೀನು ಬಾರದೆ ಹೋದರೂ ಇರುತ್ತೇನೆ. ಮೇಲೆ ಹೊಗೆ ಕಂಡರೆ ಕೂಗಬಹುದು, ಬಾಗಿಲು ಬಡಿಯಬಹುದು. ಆದರೆ ನಾನು ಬಡಿದರೆ ಅವರು ಒಳಗಿನಿಂದ ಇನ್ನೊಂದು ಚಿಲಕ ಹಾಕುತ್ತಾರೆ. ನೀನು ಬಂದಾಗ ನನ್ನ ಜೊತೆ ಮಾತಾಡಬೇಕಾಗಿಲ್ಲ. ಪಕ್ಕದಲ್ಲೇ ದಾಟಿಕೊಂಡು ಮೇಲೆ ಹೋಗು. ನಾನು ಅಲ್ಲಿ ಕೂತಿದ್ದೇನೆಂದು ಅವರಿಗೆ ಹೇಳಬೇಡ.

ನಿನ್ನ ಅಮ್ಮ

(ಬೇಕಿದ್ದರೆ ‘ಅಡಿಟಿಪ್ಪಣಿ’ ಎಂದೇ ಓದಿಕೋ)

ಮರೆತ ಮಾತು: ಮರೆತದ್ದಲ್ಲ, ಕೊನೆಗೆಂದು ಇಟ್ಟುಕೊಂಡದ್ದು. ಇದನ್ನು ಮೊದಲೇ ಬರೆದರೆ ನೀನು ಅಲ್ಲೇ ಕೂತುಬಿಡುತ್ತೀಯ, ಬಸ್ಸು ತಪ್ಪುತ್ತದೆ ಎಂದು ಹೆದರಿದೆ. ಇಂದು ಬೆಳಿಗ್ಗೆ ಅಪ್ಪ ಇನ್ನೊಂದು ಸಣ್ಣ ಭಾಗ ಬರೆದಿದ್ದಾರೆ. ಗಡಿಬಿಡಿಯಲ್ಲಿ ನೀನು ನೋಡಿರಲಿಕ್ಕಿಲ್ಲ. ‘ಪ್ರತಿ ಭಾನುವಾರ ಒಬ್ಬ ಹುಡುಗಿ ಫೋನ್ ಮಾಡುತ್ತಾಳೆ. ಒಳ್ಳೆಯ ದನಿ. ಊಟ, ಮಾತ್ರೆ ಎಲ್ಲ ವಿಚಾರಿಸುತ್ತಾಳೆ. ಯಾರೆಂದು ನೆನಪಾಗುತ್ತಿಲ್ಲ. ಕೇಳಿದರೆ ನೊಂದುಕೊಂಡಾಳು ಎಂದು ಕೇಳಿಲ್ಲ. ಅವಳಿಂದ ನನಗೆ ಭಯವಿಲ್ಲ.’ ಕೆಳಗೆ ‘ಬೆನ್ನ ಹಿಂದೆ’, ಈ ಪಾತ್ರವನ್ನು ಮೊದಲೇ ಪರಿಚಯಿಸಬೇಕಿತ್ತು ಎಂದು ಬರೆದಿದ್ದಾನೆ. ಗುಬ್ಬೀ, ಬಾಗಿಲು ಬಡಿದಾಗ ಒಳಗಿನಿಂದ ಯಾರು ಎಂದು ಕೇಳುತ್ತಾರೆ. ಮಗಳು ಎನ್ನಬೇಡ. ‘ಭಾನುವಾರ ಫೋನ್ ಮಾಡ್ತೀನಲ್ಲ, ಅವಳು’ ಎನ್ನು. ಅಷ್ಟಕ್ಕೆ ತೆಗೆಯುತ್ತಾರೆ.